ಕಾಗೆ ಒಯ್ದ ಎಂಟರ್ ಗುಂಡಿ

ನನ್ನ ತಮ್ಮನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹೊನ್ನಾವರದಿಂದ ಭಟ್ಕಳದವರೆಗಿನ ಗುಜರಿ ಅಂಗಡಿಯವರೆಲ್ಲ ಹೇಳುತ್ತಿರುವಾಗ ನಾನೂ ಯಾಕೆ ಹೇಳಲಿ? ಮೊಬೈಲಿನಲ್ಲಿ ಟೈಪ್ ಮಾಡಲು ಈಗಷ್ಟೇ ಕಲಿತವಳು ನಾನು. ಒಂದೇ ಬೆರಳು, ಅದಕ್ಕೂ ಸುಸ್ತಾಗುತ್ತದೆ!

ಅವನ ಹೆಂಡತಿ ಕುಮಟೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಕ್ಲಾಸು ಮುಚ್ಚಿತು. ಅವಳ ಮೇಜಿನ ಮೇಲಿದ್ದ ಡೊಳ್ಳುಹೊಟ್ಟೆಯ ಕಂಪ್ಯೂಟರನ್ನು ಇವನು ಮನೆಗೆ ತಂದ. ಉಪ್ಪುಗಾಳಿಗೆ ಅದರ ಕರುಳೆಲ್ಲ ತುಕ್ಕು. ಅದನ್ನು ಮತ್ತೆ ನಡೆಸಿಯೇ ಸಿದ್ಧ ಎಂದು ಒಂದೊಂದೇ ಬಿಡಿಭಾಗ ಹುಡುಕಿ ಅಲೆದ. ಹೊಸ ಸಾಮಾನು ಬೇಕಾದಷ್ಟು ಸಿಗುತ್ತದೆ, ಹಳೆಯದು ಸಿಗುವುದಿಲ್ಲ, ಸಿಕ್ಕರೆ ಹಳೆಯದಾದಷ್ಟೂ ಬೆಲೆ ಜಾಸ್ತಿಯಂತೆ! ನನಗೂ ಎಪ್ಪತ್ತು ದಾಟಿತು. ನನ್ನ ಬೆಲೆ ಏರಿದ್ದನ್ನು ಯಾರಾದರೂ ಕಂಡಿದ್ದೀರಾ?

ನಮ್ಮದೂ ಅವನದೂ ಅಕ್ಕಪಕ್ಕದ ಮನೆ, ಅಂಗಳ ಒಂದೇ. ಉಳಿದದ್ದೆಲ್ಲ ಸರಿಯಾದ ಮೇಲೆ ಒಂದು ದಿನ ಕೀಬೋರ್ಡಿನ ಗುಂಡಿಗಳನ್ನೆಲ್ಲ ಕಿತ್ತು, ಅಂಟುವಾಳದ ನೀರಿನಲ್ಲಿ ತೊಳೆದು, ಸಾರಿನ ಹುಳಿಗೆಂದು ಒಣಹಾಕಿದ್ದ ನನ್ನ ಮುರುಗಲು ಹಣ್ಣಿನ ಸಿಪ್ಪೆಯ ಪಕ್ಕ ಮೊರದಲ್ಲಿ ಒಣಗಲಿಟ್ಟ. ಕಾಗೆ ಬಂತು. ಸಿಪ್ಪೆ ಬಿಟ್ಟು ಎಂಟರ್ ಗುಂಡಿಯನ್ನು ಕಚ್ಚಿಕೊಂಡು ಹಾರಿತು! ಅದನ್ನು ಒತ್ತದೆ ಕಂಪ್ಯೂಟರು ಯಾವ ಮಾತನ್ನೂ ಕೇಳುವುದಿಲ್ಲವಂತೆ.

"ನೀ ಇಲ್ಲಿ ಎಂತ ಕಾಯ್ತಾ ಕೂತಿದ್ದೆ ಅಕ್ಕ?"

"ಮುರುಗಲು. ಕಾಗೆ ಕಂಪ್ಯೂಟರ್ ತಿಂತದೆ ಅಂತ ನಂಗೆಂತ ಗೊತ್ತು?"

ಸದ್ಯಕ್ಕಿರಲಿ ಎಂದು ಆ ಜಾಗಕ್ಕೆ ಒಂದು ಅಡಿಕೆ ಹೋಳು ಅಂಟಿಸಿದ. ಸಂಜೆ ಎಲೆಯಡಿಕೆ ಕವಳಕ್ಕೆ ಕೂತ ನಮ್ಮ ಯಜಮಾನರು ಅದನ್ನೇ ಕಿತ್ತು ಬಾಯಿಗೆ ಹಾಕಿಕೊಂಡರು! "ಎಂತಾ ಅಡಿಕೆ ಮಾರಾಯ, ಗೋಂದಿನ ವಾಸನೆ!"

ಅಷ್ಟರಲ್ಲಿ ಭಟ್ಕಳದ ಗುಜರಿಯೊಂದರಲ್ಲಿ ಯಾರೋ ದುಬೈಯಿಂದ ತಂದಿದ್ದ ಅಂಥದೇ ಕೀಬೋರ್ಡ್ ಇದೆ ಎಂದು ಸುದ್ದಿ ಬಂತು. ಇವನ ಮುಖ ಕಂಡರೆ ಬೆಲೆ ಏರುತ್ತದೆ. ಹಾಗಾಗಿ ಚೌಕಾಸಿಗೆ ನಾನು, ಇವನು ಎದುರಿನ ಚಾ ಅಂಗಡಿಯಲ್ಲಿ ಎಂದು ತೀರ್ಮಾನ. ಬಂಗಡೆ ಮೀನಿನ ಕಿವಿರು ಎತ್ತಿ ನೋಡುವ ಹಾಗೆ ಕೀಬೋರ್ಡನ್ನು ತಿರುಗಿಸಿ ನೋಡಿ ಮುಖ ಹುಳಿ ಮಾಡಿದೆ.

"ಇದೆಂತ ಭಾಯ್, ಒಣಗಿ ಕೂತಿದೆ! ಮೊಮ್ಮಗಂಗೆ ಕುಟ್ಟಿ ಆಡೂಕೆ ಕೇಳಿದೆ, ಅಷ್ಟೇ."

"ಮಗುಗಾ ಅಮ್ಮಾ? ಒಂದು ಚಾದ ದುಡ್ಡು ಕೊಟ್ಟು ತಕೊಂಡು ಹೋಗಿ."

ನಾನು ಪರ್ಸಿಗೆ ಕೈ ಹಾಕಿದ್ದೆ. ತಮ್ಮ ಚಾ ಲೋಟದ ಸಮೇತ ರಸ್ತೆ ದಾಟಿ ಓಡಿ ಬಂದ. "ಅಕ್ಕಾ! ಅದೇ! ಅದೇ!"

ಅಂಗಡಿಯವರು ಅವನ ಬೋಳುತಲೆ ನೋಡಿದರು, ನನ್ನನ್ನು ನೋಡಿದರು.

"ಇವ್ರೇನಾ ಅಮ್ಮಾ, ನಿಮ್ಮ ಮೊಮ್ಮಗ?"

ಒಂದು ಚಾದ ಬೆಲೆ ಇಡೀ ಹೋಟೆಲಿನ ಬೆಲೆಯಾಯಿತು! ಇವನು ಮರುಮಾತಾಡದೆ ಕೊಟ್ಟ.

ಮನೆಗೆ ಬಂದು ಮಾಡಿದ್ದೇನು? ಅಷ್ಟು ಕೊಟ್ಟು ತಂದದ್ದರಿಂದ ಎಂಟರ್ ಗುಂಡಿಯೊಂದನ್ನು ಕಿತ್ತುಕೊಂಡು ಉಳಿದದ್ದನ್ನು ನನ್ನ ಕೈಗಿಟ್ಟ!

"ನಿನ್ನ ತಲೆ ಸಮ ಇದ್ಯನಾ? ಇದು ಹೊಸದರ ಹಾಗೆ ಹೊಳೀತದೆ, ಇಡೀದನ್ನೇ ಹಾಕು. ನಿನ್ನದ್ರಲ್ಲಿ ಅರ್ಧ ಅಕ್ಷರವೇ ಇಲ್ಲ!"

"ಅದ್ನ ಅಳಿಸಿದ್ದು ಅವ್ಳಲ್ದಾ ಅಕ್ಕ" ಎಂದ.

ಆಗ ಬಗ್ಗಿ ನೋಡಿದೆ. ಅವನ ಹೆಂಡತಿ ಎಷ್ಟೋ ಹುಡುಗಿಯರಿಗೆ ಹೀಗೆ ಬೆರಳಿಡಿ ಎಂದು ತೋರಿಸಿ ತೋರಿಸಿ ನಡುವಿನ ಸಾಲಿನ ಗುಂಡಿಗಳು ಸವೆದಿದ್ದವು. ಒಂದೊಂದರಲ್ಲೂ ಬೆರಳ ತುದಿ ಕೂರುವಷ್ಟು ಸಣ್ಣ ಗುಳಿ. ನನ್ನ ಕೈಯಲ್ಲಿದ್ದ ಹೊಳೆಯುವ ಕೀಬೋರ್ಡನ್ನು ಪಕ್ಕಕ್ಕಿಟ್ಟೆ.

ತಮ್ಮ ಹೊಸ ಗುಂಡಿ ಕೂರಿಸಿ, ಕಂಪ್ಯೂಟರ್ ಹಚ್ಚಿ, ಎರಡೂ ಕೈಯ ಬೆರಳುಗಳನ್ನು ಆ ಗುಳಿಗಳಲ್ಲಿಟ್ಟ. ಒತ್ತಲಿಲ್ಲ. ತೆಗೆಯಲೂ ಇಲ್ಲ.

"ನೀನೇ ಒತ್ತು ಅಕ್ಕ."

ನನಗೆ ಬರುವ ಒಂದೇ ಬೆರಳಿನಲ್ಲಿ ಎಂಟರ್ ಒತ್ತಿದೆ. ಪರದೆಯ ಮೇಲೆ ಮಿಣುಕುತ್ತಿದ್ದ ಹಸಿರು ಗೆರೆ ಮೆಲ್ಲಗೆ ಒಂದು ಸಾಲು ಕೆಳಗಿಳಿಯಿತು.