ಎರೆಹುಳಕ್ಕೆ ಕೆಂಪು ಕಾಣದು

ಹೆಂಡತಿಗೆ ಹೆದರುವ ಗಂಡಂದಿರನ್ನು ನೋಡಿದ್ದೇನೆ, ಅತ್ತೆಗೆ ಹೆದರುವ ಅಳಿಯಂದಿರನ್ನೂ ನೋಡಿದ್ದೇನೆ. ಎರೆಹುಳಕ್ಕೆ ಹೆದರಿ ಸಂಸಾರ ಮಾಡಿದವರು ಮಾತ್ರ ನನ್ನ ಸೋದರಮಾವ ಒಬ್ಬರೇ! ತುಮಕೂರಿನ ಕಡೆಯವರು. ವಿಜಯವಾಡದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ, ತೆಲುಗು ಹುಡುಗಿಯನ್ನು ಮದುವೆಯಾಗಿ ಅಲ್ಲೇ ಬೇರೂರಿದವರು.

ಪ್ರಯೋಗಕ್ಕೆಂದು ಅವರು ಎರೆಹುಳ ಸಾಕಿದ್ದ ತೊಟ್ಟಿ ಇದ್ದದ್ದು ಅಡುಗೆಮನೆಯ ಮೂಲೆಯಲ್ಲಿ. ಮನೆಗೆಲ್ಲ ಅದೇ ತಂಪು ಜಾಗವಂತೆ. ಎರೆಹುಳಕ್ಕೆ ಕಣ್ಣಿಲ್ಲ, ಆದರೂ ಬೆಳಕು ಬಿದ್ದರೆ ಮೈಗೆ ತಿಳಿಯುತ್ತದೆ, ಸರಕ್ಕನೆ ಮಣ್ಣಿಗಿಳಿಯುತ್ತದೆ. ಕೆಂಪು ಬೆಳಕು ಮಾತ್ರ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಸರಿ, ಮಾವ ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ಅಡುಗೆಮನೆಗೆ ಕೆಂಪು ಜೀರೋ ಬಲ್ಬ್ ಹಾಕಿದರು. ಇಲ್ಲೇನೋ ಮಾಟ ನಡೆಯುತ್ತಿದೆ ಎಂದು ಪಕ್ಕದ ಮನೆಯವರು ಬಾಗಿಲಿಗೆ ನಿಂಬೆಹಣ್ಣು ಕಟ್ಟಿಕೊಂಡರು.

ಕೆಂಪು ಬೆಳಕಿನಲ್ಲಿ ಉಪ್ಪಿಗೂ ಖಾರದ ಪುಡಿಗೂ ಬಣ್ಣ ಒಂದೇ. ಅದರಲ್ಲೂ ಆಂಧ್ರದ ಖಾರ, ಕೇಳಬೇಕೆ? ಬಿಸಿಲಿನಲ್ಲಿ ಹೋದ ನನಗೆ ಅತ್ತೆ ಮಜ್ಜಿಗೆ ಕೊಟ್ಟರು. ಒಂದು ಗುಟುಕಿಗೆ ಊರ ಬೆಟ್ಟ ಇಂದ್ರಕೀಲಾದ್ರಿಯ ದುರ್ಗಮ್ಮನವರು ಕಣ್ಣೆದುರು ಬಂದು ನಿಂತರು.

“ಒಂದು ಬಿಳಿ ಲೈಟ್ ಹಾಕಿಸು ಅಂತ ನೀನಾದ್ರೂ ಚೆಪ್ಪಮ್ಮಾ ನಿಮ್ಮ ಮಾವನಿಗೆ. ನನಗೆ ಏಮೀ ಕಾಣಲ್ಲ” ಎಂದರು ಅತ್ತೆ, ತಮ್ಮ ಅರೆ ತೆಲುಗು ಕನ್ನಡದಲ್ಲಿ.

ಹೇಳಿದೆ. “ಹುಳಕ್ಕೆ ಹಿಂಸೆ ಆಗುತ್ತೆ ಕಣಮ್ಮ” ಎಂದರು ಮಾವ.

“ಅತ್ತೆಗೆ?”

“ಅವಳಿಗೆ ಅಭ್ಯಾಸ ಆಗಿದೆ.”

ಕಣ್ಣಿಲ್ಲದ ಹುಳಕ್ಕೆ ಬೆಳಕು ತಿಳಿಯುತ್ತದೆ. ಕನ್ನಡಕ ಹಾಕಿದ ಪ್ರಾಣಿಶಾಸ್ತ್ರದ ಮೇಷ್ಟರಿಗೆ ಎದುರಿಗೆ ನಿಂತ ಹೆಂಡತಿಯ ಕಷ್ಟ ತಿಳಿಯುವುದಿಲ್ಲ. ಇಂಥ ಓದಿಗೆ ಬೆಂಕಿ ಬೀಳಲಿ ಎಂದು ನಾನು ಬೈದುಕೊಂಡದ್ದು ತಪ್ಪೇ?

ಮಾವನ ಕನ್ನಡವೂ ಅವರಂತೆಯೇ ತೆಲುಗು ನೆಲದಲ್ಲಿ ಬೇರೂರಿತ್ತು. ತೆಲುಗಿನಲ್ಲಿ ಯೋಚಿಸಿ ಕನ್ನಡದಲ್ಲಿ ಆಡುತ್ತಿದ್ದರು. ಕಳೆದ ವರ್ಷ ಅತ್ತೆಗೆ ಜ್ವರ ಎಂದು ಕೇಳಿದ್ದೆ. ಒಂದು ದಿನ ವಿಶಾಖಪಟ್ಟಣಕ್ಕೆ, ಋಷಿಕೊಂಡದ ನನ್ನ ಆಫೀಸಿಗೆ ಮಾವನ ಫೋನ್ ಬಂತು.

“ಮನೆ ದೀಪ ಬೆಟ್ಟ ಹತ್ತಿತಮ್ಮ.”

ಜ್ವರ ಬಿಟ್ಟು, ಅತ್ತೆ ಹರಕೆ ತೀರಿಸಲು ದುರ್ಗಮ್ಮನ ಬೆಟ್ಟಕ್ಕೆ ಹೋಗಿದ್ದಾರೆ ಎಂದುಕೊಂಡೆ. “ಒಳ್ಳೇದಾಯ್ತು ಮಾವ, ನನಗೂ ಪ್ರಸಾದ ತರೋಕೆ ಹೇಳಿ” ಎಂದೆ. ಮಾವ ಫೋನ್ ಇಟ್ಟುಬಿಟ್ಟರು. ಮಾವನ ಮಾತನ್ನು ಪಕ್ಕದ ಕುರ್ಚಿಯ ತೆಲುಗು ಗೆಳತಿಗೆ ಹೇಳಿದಾಗ ಅವಳು ಬಿಡಿಸಿ ಹೇಳಿದಳು: ದೀಪ ಆರಿತು ಎನ್ನುವುದು ಅಶುಭವೆಂದು ಅವರಲ್ಲಿ ದೀಪ ಬೆಟ್ಟ ಹತ್ತಿತು ಎನ್ನುತ್ತಾರೆ.

ಅತ್ತೆಯ ಕಾರ್ಯಗಳೆಲ್ಲ ಮುಗಿದ ಮೇಲೆ ಮತ್ತೊಮ್ಮೆ ಹೋದೆ, ಮಾವನಿಗೆ ನಾಲ್ಕು ಮಾತು ಅಂದೇಬಿಡಬೇಕೆಂದು. ನಡುಮಧ್ಯಾಹ್ನ. ಕಿಟಕಿಯ ಕಾಗದ ಕಿತ್ತಿದ್ದರು. ಅಡುಗೆಮನೆಯ ತುಂಬ ಬಿಸಿಲು, ಅದರ ಮೇಲೆ ಹೊಸ ಟ್ಯೂಬ್‌ಲೈಟ್ ಬೇರೆ ಉರಿಯುತ್ತಿತ್ತು. ಹುಳಗಳನ್ನು ತುಳಸಿ ಪಾತಿಗೆ ಬಿಟ್ಟು, ತೊಟ್ಟಿ ತೊಳೆದು ಬೋರಲು ಹಾಕಿದ್ದರು. ಮಾವ ನನಗೆ ಬೆನ್ನು ಹಾಕಿ ನಿಂತು, ಉಪ್ಪಿನ ಡಬ್ಬಿ, ಖಾರದ ಡಬ್ಬಿ ಎರಡನ್ನೂ ಒಲೆಯ ಪಕ್ಕ ಸರಿಸಿಡುತ್ತಿದ್ದರು.

“ಇಪ್ಪುಡು ಕನಪಡುತೋಂದಾ?”

ಈಗ ಕಾಣ್ತಿದೆಯಾ ಎಂದು ಅತ್ತೆಯ ಭಾಷೆಯಲ್ಲಿ, ಅತ್ತೆ ನಿಲ್ಲುತ್ತಿದ್ದ ಜಾಗವನ್ನು ಕೇಳುತ್ತಿದ್ದರು.

ನಾನು ಕಟ್ಟಿಕೊಂಡು ಹೋಗಿದ್ದ ನಾಲ್ಕು ಮಾತನ್ನೂ ಹೊಸ್ತಿಲಲ್ಲೇ ಬಿಟ್ಟು ಒಳಗೆ ಕಾಲಿಟ್ಟೆ. ಅಲ್ಲಿ ಉತ್ತರ ಕೊಡುವವರು ಬೇರೆ ಯಾರಿದ್ದರು?

“ಕನಪಡುತೋಂದಿ ಮಾವ” ಎಂದೆ.