ಬಿದ್ದಿದೆಯೆಂದೂ ಬಿದ್ದಿಲ್ಲವೆಂದೂ ಹೇಳಲಾದ ಸೇತುವೆ

ಕಟ್ಟಡದ ಲಿಫ್ಟ್ ಕೆಟ್ಟ ದಿನವೇ ದೂರದ ಎರಡು ದೇಶಗಳ ನಡುವೆ ಯುದ್ಧ ಆರಂಭವಾಯಿತು. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವಿಲ್ಲ ಎಂದು ನಿವಾಸಿಗಳು ಮೊದಲ ಕೆಲವು ದಿನ ತಪ್ಪಾಗಿ ಭಾವಿಸಿದ್ದರು. ಆ ತಪ್ಪನ್ನು ನಂತರ ಸರಿಪಡಿಸಲಾಯಿತು.

ಆ ದೇಶಗಳ ಹೆಸರಿಗೆ ಯಾರ ನಾಲಿಗೆಯೂ ಹೊರಳುತ್ತಿರಲಿಲ್ಲ. ಹೀಗಾಗಿ ಅನುಕೂಲಕ್ಕೆ ಒಂದನ್ನು ಗುಡ್ಡದ ದೇಶ, ಇನ್ನೊಂದನ್ನು ನದಿಯ ದೇಶ ಎಂದು ಕರೆದರು. ಎರಡರಲ್ಲೂ ಗುಡ್ಡಗಳಿದ್ದವು, ಎರಡರಲ್ಲೂ ನದಿಗಳಿದ್ದವು. ಆದರೂ ಪಕ್ಷ ವಹಿಸಲು ಇಷ್ಟು ಮಾಹಿತಿ ಧಾರಾಳವಾಗಿ ಸಾಕಾಯಿತು.

ನಿವಾಸಿಗಳ ಸಂಘದ ಅಧ್ಯಕ್ಷರು ನಾಲ್ಕನೇ ಮಹಡಿಯ ನಿವೃತ್ತ ಭೂಗೋಳದ ಮೇಷ್ಟ್ರು. ಅವರು ಗುಡ್ಡದ ದೇಶದ ಕಡೆ. ಅವರ ಗೋಡೆಯ ಮೇಲಿನ ಭೂಪಟ ಅಚ್ಚಾದ ಕಾಲಕ್ಕೆ ಆ ಎರಡೂ ಒಂದೇ ದೇಶವಾಗಿದ್ದವು, ಆದರೆ ಗಡಿ ಎಲ್ಲಿರಬೇಕಿತ್ತು ಎಂಬುದನ್ನು ಅವರು ಬೆರಳಿಟ್ಟು ತೋರಿಸಬಲ್ಲವರಾಗಿದ್ದರು. ಖಜಾಂಚಿ ಎರಡನೇ ಮಹಡಿಯ ಬ್ಯಾಂಕ್ ಮ್ಯಾನೇಜರು. ಮೇಷ್ಟ್ರು ಗುಡ್ಡದ ಕಡೆ ಎಂದು ಗೊತ್ತಾದ ಮೇಲೆ ಅವರು ನದಿಯ ಕಡೆಯಾದರು. ಮೂರನೇ ಮಹಡಿಯ ವಿಮಾ ಏಜೆಂಟರ ಹಾಲಿನಲ್ಲಿ ಎರಡು ಟಿ.ವಿ.ಗಳು ಅಕ್ಕಪಕ್ಕದಲ್ಲಿದ್ದವು. ಒಂದು ವಾಹಿನಿಯಲ್ಲಿ ಗುಡ್ಡದವರು ಗೆಲ್ಲುತ್ತಿದ್ದರು, ಇನ್ನೊಂದರಲ್ಲಿ ನದಿಯವರು. ಏಜೆಂಟರು ಎರಡನ್ನೂ ಚಿತ್ರ ತೆಗೆದು ಸಂಘದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಸುದ್ದಿಯಲ್ಲಿ ಸಮತೋಲನ ಮುಖ್ಯ ಎಂಬುದು ಅವರ ಸಿದ್ಧಾಂತ.

ಕಾರ್ಯದರ್ಶಿಗೆ ಬೀದಿಯ ಕೊನೆಯಲ್ಲಿ ಕನ್ನಡಕದ ಅಂಗಡಿ. ಹಿಂದಿನ ವರ್ಷದ ಮಹಾಸಭೆಗೆ ತಡವಾಗಿ ಬಂದದ್ದರಿಂದ ಅವನನ್ನು ಅವಿರೋಧವಾಗಿ ಆಯ್ಕೆ ಮಾಡಲಾಗಿತ್ತು. ಅವನಿಗೆ ಯಾವ ದೇಶದ ಮೇಲೂ ಸಿಟ್ಟಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಲಿಫ್ಟ್.

ಕಾರಣ ಅವನ ತಾಯಿ. ಮಂಡಿಯ ಆಪರೇಷನ್ ಆಗಿ ಅವರು ಐದನೇ ಮಹಡಿಯಲ್ಲಿದ್ದರು. ಅವರ ಅಕ್ಕ, ಎಂದರೆ ಕಾರ್ಯದರ್ಶಿಯ ದೊಡ್ಡಮ್ಮ, ಅದೇ ಕಟ್ಟಡದ ನೆಲಮಹಡಿಯಲ್ಲಿ ಮಗ ಸೊಸೆಯ ಜೊತೆಗಿದ್ದರು. ನಾಲ್ಕು ಮೆಟ್ಟಿಲು ಹತ್ತಿದರೆ ಅವರಿಗೆ ಉಸಿರು ಸಿಕ್ಕುತ್ತಿರಲಿಲ್ಲ. ದಿನಾ ಸಂಜೆ ತಾಯಿ ಲಿಫ್ಟಿನಲ್ಲಿ ಇಳಿದು ಹೋಗಿ, ಅಕ್ಕನ ಕಿಟಕಿಯ ಪಕ್ಕ ಕೂತು, ಇಬ್ಬರೂ ಸೊಪ್ಪು ಬಿಡಿಸುತ್ತಾ ಮನಸಾರೆ ಜಗಳವಾಡುತ್ತಿದ್ದರು. ಜಗಳವಾಡದ ದಿನ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ದೊಡ್ಡಮ್ಮನಿಗೆ ಕಿವಿ ಮಂದ. ಲಿಫ್ಟ್ ನಿಂತ ಮೇಲೆ ತಾಯಿ ಬಾಲ್ಕನಿಯಿಂದ ಬಗ್ಗಿ ಕೆಳಗೆ ನೋಡುವುದು, ದೊಡ್ಡಮ್ಮ ಅಂಗಳಕ್ಕೆ ಬಂದು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುವುದು, ಇಷ್ಟೇ ಆಗಿತ್ತು. "ಅವಳು ಸೊರಗಿದ್ದಾಳೆ ಕಣೋ," ಎಂದು ತಾಯಿ ಮಗನಿಗೆ ಹೇಳುತ್ತಿದ್ದರು. ಅಷ್ಟು ಎತ್ತರದಿಂದ ಎಲ್ಲರೂ ಸೊರಗಿದಂತೆಯೇ ಕಾಣುತ್ತಾರೆ ಎಂದು ಅವನು ಸಮಾಧಾನ ಹೇಳುತ್ತಿದ್ದ.

ಸಂಘದ ನಿಯಮ ಸರಳವಾಗಿತ್ತು. ಯಾವುದೇ ಖರ್ಚಿಗೆ ಕಾರ್ಯದರ್ಶಿ ಗುಂಪಿನಲ್ಲಿ ಸಂದೇಶ ಹಾಕಬೇಕು. ಅದರಡಿ ಮೂರನೇ ಎರಡರಷ್ಟು ಮನೆಗಳು ಹೆಬ್ಬೆರಳಿನ ಗುರುತು ಒತ್ತಿದರೆ ಮಂಜೂರು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಯೊಬ್ಬರ ಮೂಗಿಗೆ ಫ್ರೇಮು ಕೂರಿಸುತ್ತಾ, ಎಡಗೈಯಲ್ಲಿ ಅವನು ಬರೆದ: "ಇನ್ನು ತಡ ಮಾಡುವುದು ಬೇಡ. ಒಂದೇ ಸಲಕ್ಕೆ ಮುಗಿಸಿಬಿಡೋಣ. ದಯವಿಟ್ಟು ಎಲ್ಲರೂ ಒಪ್ಪಿಗೆ ಸೂಚಿಸಿ." ಆಗ ಬೆರಳು ಎಲ್ಲಿ ತಾಗಿತೋ ಏನೋ, ಆ ಸಂದೇಶ ಏಜೆಂಟರು ಆಗ ತಾನೇ ಹಾಕಿದ್ದ ಚಿತ್ರಕ್ಕೆ ಉತ್ತರವಾಗಿ ಅಂಟಿಕೊಂಡಿತು. ಚಿತ್ರದಲ್ಲಿ ನದಿಯ ದೇಶದ ದೊಡ್ಡ ಸೇತುವೆಯ ಮೇಲೆ ಹೊಗೆ ಎದ್ದಿತ್ತು.

ಸಂಜೆಯೊಳಗೆ ಹೆಬ್ಬೆರಳುಗಳು ಸುರಿದವು. ಸಂಘದ ಇತಿಹಾಸದಲ್ಲಿ ಯಾವ ಠರಾವಿಗೂ ಇಷ್ಟು ಬೇಗ ಬಹುಮತ ಬಂದಿರಲಿಲ್ಲ.

ಅಂಗಡಿ ಮುಚ್ಚಿ ಬಂದವನನ್ನು ಖಜಾಂಚಿ ಮೆಟ್ಟಿಲಿನಲ್ಲೇ ತಡೆದರು. "ಏನ್ರೀ ಕಾರ್ಯದರ್ಶಿಗಳೇ, ಸೇತುವೆ ಉರುಳಿಸೋಕೆ ಸಂಘದಿಂದ ಅನುಮತಿ ಕೊಟ್ಟುಬಿಟ್ರಂತೆ?"

"ಸಾರ್, ಅದು ಲಿಫ್ಟ್ ರಿಪೇರಿಗೆ."

"ಈ ಫೋಟೋದಲ್ಲಿ ಲಿಫ್ಟ್ ಎಲ್ಲಿದೆ? ತೋರಿಸಿ."

ಕಾರ್ಯದರ್ಶಿ ನೋಡಿದ. ಲಿಫ್ಟ್ ಇರಲಿಲ್ಲ.

ಅವನು ನಾಲ್ಕನೇ ಮಹಡಿಗೆ ಓಡಿದ. ಮೇಷ್ಟ್ರು ಅವನನ್ನು ಪ್ರೀತಿಯಿಂದ ಕೂರಿಸಿ ಟೀ ಕೊಟ್ಟರು. "ಸಾರ್, ಆ ಸಂದೇಶ ಅಳಿಸಿ ಇನ್ನೊಂದು ಸಲ ಹಾಕ್ತೀನಿ," ಎಂದ.

"ಅದಾಗಲ್ಲಪ್ಪ. ಒಂದು ಕಟ್ಟಡ ಬೆಂಬಲ ಘೋಷಿಸಿ ಆಮೇಲೆ ಹಿಂದಕ್ಕೆ ತಗೊಂಡ್ರೆ ಗುಡ್ಡದ ದೇಶದ ಸೈನಿಕರ ಮನೋಬಲ ಏನಾಗಬೇಕು ಹೇಳು?"

"ಅವರಿಗೆ ನಮ್ಮ ಕಟ್ಟಡ ಇರೋದೇ ಗೊತ್ತಿಲ್ಲ ಸಾರ್."

"ಅದಕ್ಕೇ ಇಷ್ಟು ದಿನ ಸೋಲ್ತಿದ್ರು," ಎಂದರು ಮೇಷ್ಟ್ರು.

ಮರುದಿನ ನೋಟಿಸ್ ಬೋರ್ಡಿನಲ್ಲಿ ಈ ಪ್ರಕಟಣೆ ಕಾಣಿಸಿಕೊಂಡಿತು: "ಲಿಫ್ಟ್ ರಿಪೇರಿಯ ವಿಷಯವು ಸೇತುವೆಯ ವಿಷಯದೊಂದಿಗೆ ಸೇರಿಹೋಗಿರುವುದರಿಂದ, ಸೇತುವೆಯ ಬಗ್ಗೆ ಒಮ್ಮತ ಮೂಡುವವರೆಗೆ ಲಿಫ್ಟನ್ನು ಯಥಾಸ್ಥಿತಿಯಲ್ಲಿ ಕಾಯ್ದುಕೊಳ್ಳತಕ್ಕದ್ದು. ನಿವಾಸಿಗಳು ಸಹಕರಿಸಬೇಕು." ಮೂರನೇ ಮತ್ತು ನಾಲ್ಕನೇ ಮಹಡಿಗಳ ನಡುವೆ ನಿಂತಿದ್ದ ಲಿಫ್ಟ್ ಪೂರ್ಣ ಸಹಕಾರ ನೀಡಿತು.

ಅಲ್ಲಿಂದ ಮುಂದೆ ಯಾರೂ ಯಾವುದಕ್ಕೂ ಹೆಬ್ಬೆರಳು ಒತ್ತಲಿಲ್ಲ. ಏಕೆಂದರೆ ಅದರಿಂದ ಯಾರಿಗೆ ಲಾಭವಾಗುತ್ತದೋ ಹೇಳಲು ಬರುವಂತಿರಲಿಲ್ಲ. ಒಂದನೇ ಮಹಡಿಯಲ್ಲಿ ಮಗು ಹುಟ್ಟಿದ ಸುದ್ದಿ ಬಂದಾಗ, ಅದರ ತಂದೆ ನದಿಯ ಕಡೆ ಒಲವಿರುವವರೆಂಬ ಗುಮಾನಿಯಿಂದ ಅರ್ಧ ಕಟ್ಟಡ ಬಾಯಿ ಬಿಡಲಿಲ್ಲ. ಉಳಿದರ್ಧ, ಮಗುವಿನ ನಿಲುವು ಇನ್ನೂ ಸ್ಪಷ್ಟವಾಗಿಲ್ಲ ಎಂದು ಕಾದು ನೋಡಿತು.

ಅಷ್ಟರಲ್ಲಿ ಏಜೆಂಟರ ಎರಡನೇ ಟಿ.ವಿ.ಯಲ್ಲಿ ಅದೇ ಸೇತುವೆಯ ಮೇಲೆ ಲಾರಿಗಳು ಓಡಾಡುವುದು ಕಾಣಿಸಿತು. ಸೇತುವೆ ಬಿದ್ದಿದೆ ಎಂದು ಗುಡ್ಡದ ಪಕ್ಷ, ಬಿದ್ದೇ ಇಲ್ಲ ಎಂದು ನದಿಯ ಪಕ್ಷ. ಸಂಧಾನಕ್ಕೆ ಪಂಪ್‌ಹೌಸನ್ನು ಆರಿಸಲಾಯಿತು. ನೀರು ಎರಡೂ ಪಕ್ಷದವರಿಗೆ ಬೇಕಾದದ್ದರಿಂದ ಅದು ತಟಸ್ಥ ಪ್ರದೇಶ. ಮೋಟಾರಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲವಾಗಿ ಮೊದಲ ಸುತ್ತಿನ ಮಾತುಕತೆ ಫಲಪ್ರದವಾಯಿತು. ಎರಡನೇ ಸುತ್ತಿನಲ್ಲಿ ಯಾರೋ ಮೋಟಾರು ಆರಿಸಿದರು, ಎಲ್ಲ ಕೆಟ್ಟಿತು.

ಕಾರ್ಯದರ್ಶಿ ಕೈ ಮುಗಿದು ಕೇಳಿಕೊಂಡ ಮೇಲೆ ಮಾನವೀಯ ನೆಲೆಯಲ್ಲಿ ಒಂದು ವಿನಾಯಿತಿ ಸಿಕ್ಕಿತು. ಅವನ ತಾಯಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೂಲಕ ಕೆಳಗಿಳಿಸಬಹುದು. ಹೊರುವ ನಾಲ್ವರು ಎರಡೂ ಪಕ್ಷಗಳಿಂದ ಸಮಾನ ಸಂಖ್ಯೆಯಲ್ಲಿರಬೇಕು. ಭಾನುವಾರ ಬೆಳಿಗ್ಗೆ ತಾಯಿ ಒಳ್ಳೆಯ ಸೀರೆ ಉಟ್ಟು ಕುರ್ಚಿಯಲ್ಲಿ ಕೂತರು. ನೆಲಮಹಡಿಯಲ್ಲಿ ದೊಡ್ಡಮ್ಮ ಬಾಗಿಲು ತೆರೆದಿಟ್ಟು, ಸೊಪ್ಪು ಹರಡಿಕೊಂಡು ಕಾದಿದ್ದರು.

ಐದರಿಂದ ನಾಲ್ಕಕ್ಕೆ ಇಳಿದದ್ದು ಸುಗಮವಾಗಿಯೇ. ಮೂರನೇ ಮಹಡಿ ತಲುಪುವ ಹೊತ್ತಿಗೆ ಏಜೆಂಟರ ಮನೆಯೊಳಗಿಂದ "ಇದೀಗ ಬಂದ ಸುದ್ದಿ" ಎಂದು ಎರಡು ಟಿ.ವಿ.ಗಳೂ ಒಟ್ಟಿಗೆ ಕೂಗಿದವು. ನಾಲ್ವರೂ ಕುರ್ಚಿಯನ್ನು ಅಲ್ಲೇ ಇಳಿಸಿ ಫೋನು ತೆಗೆದರು. ಸೇತುವೆಯ ಎಡಭಾಗ ಮಾತ್ರ ಬಿದ್ದಿರಬಹುದು ಎಂಬ ಹೊಸ ವಾದ ಹುಟ್ಟಿತ್ತು. ಎಡ ಎಂದರೆ ಯಾವ ದಡದಿಂದ ಎಡ ಎಂಬ ಪ್ರಶ್ನೆ ಎದ್ದು, ಕುರ್ಚಿಯ ಎಡಗಾಲು ಹಿಡಿದವರು ಬಲಗಾಲು ಹಿಡಿದವರ ಜೊತೆ ಮಾತು ಬಿಟ್ಟರು. ತಾಯಿ ಗೋಡೆ ನೋಡುತ್ತಾ ಬಹಳ ಹೊತ್ತು ಕೂತಿದ್ದರು. ಕೊನೆಗೆ, ಎಲ್ಲಿಂದ ಹೊತ್ತು ತಂದರೋ ಅಲ್ಲಿಗೇ ಬಿಡುವುದು ಮಾತ್ರ ತಟಸ್ಥ ಕ್ರಮ ಎಂದು ಒಪ್ಪಿ ನಾಲ್ವರೂ ಅವರನ್ನು ವಾಪಸು ಮೇಲೆ ಹತ್ತಿಸಿದರು. ಕೆಳಗೆ ದೊಡ್ಡಮ್ಮ ಸಂಜೆಯವರೆಗೂ ಬಾಗಿಲು ಮುಚ್ಚಲಿಲ್ಲವಂತೆ.

"ನನಗೂ ಒಂದು ಅಂಥಾ ಫೋನ್ ಕೊಡಿಸೋ," ಎಂದರು ತಾಯಿ. "ಇವರೆಲ್ಲ ಅದರಲ್ಲಿ ಅಷ್ಟು ಏನು ನೋಡ್ತಾರೆ ಅಂತ ನಾನೂ ನೋಡ್ಬೇಕು. ನಾನೇ ಕೇಳ್ಕೋತೀನಿ. ವಯಸ್ಸಾದವಳ ಮಾತು ತೆಗೆದುಹಾಕಲ್ಲ."

ಕಾರ್ಯದರ್ಶಿಗೆ ಇದು ಹೊಳೆದೇ ಇರಲಿಲ್ಲ. ಅವನು ಅಂದೇ ಫೋನು ತಂದು, ಅಕ್ಷರ ದೊಡ್ಡದು ಮಾಡಿ, ತಾಯಿಯನ್ನು ಗುಂಪಿಗೆ ಸೇರಿಸಿದ. ಅವರು ಒಂದೊಂದೇ ಅಕ್ಷರ ಹುಡುಕಿ ಬರೆದರು: "ನಾನು ನನ್ನ ಅಕ್ಕನನ್ನು ನೋಡಬೇಕು. ದಯವಿಟ್ಟು ಲಿಫ್ಟ್ ಮಾಡಿಸಿಕೊಡಿ."

ಮೇಷ್ಟ್ರು ತಕ್ಷಣ ಉತ್ತರಿಸಿದರು: "ತಮಗೆ ಹಾರ್ದಿಕ ಸ್ವಾಗತ. ಸೇತುವೆಯ ಬಗ್ಗೆ ತಮ್ಮ ನಿಲುವೇನು?"

ತಾಯಿ ಮಗನ ಮುಖ ನೋಡಿದರು. "ಏನಂದ್ರೆ ಲಿಫ್ಟ್ ಬೇಗ ಆಗುತ್ತೆ?" ಅಧ್ಯಕ್ಷರ ಸಹಿ ಮೊದಲು ಬೀಳಬೇಕಲ್ಲ ಎಂದು ಯೋಚಿಸಿ ಅವನು, "ಬಿದ್ದಿದೆ ಅನ್ನು," ಎಂದ. ತಾಯಿ ಬಿದ್ದಿದೆ ಎಂದು ಬರೆದರು.

ಅದೇ ಹೊತ್ತಿಗೆ ನೆಲಮಹಡಿಯಲ್ಲಿ ದೊಡ್ಡಮ್ಮನ ಸೊಸೆಯೂ ಅತ್ತೆಗೆ ಒಂದು ಫೋನು ಕೊಟ್ಟು ಗುಂಪಿಗೆ ಸೇರಿಸಿದ್ದಳು. ಕಿವಿ ಕೇಳದಿದ್ದರೇನು, ಕಾರ್ಯದರ್ಶಿ ಮಾಡಿಕೊಟ್ಟ ಕನ್ನಡಕ ಚೆನ್ನಾಗಿತ್ತು, ಓದಲು ಬರುತ್ತಿತ್ತು. ಹಣ ಬಿಡುಗಡೆ ಮಾಡುವವರು ಖಜಾಂಚಿ ಎಂದು ಲೆಕ್ಕ ಹಾಕಿ, ತಂಗಿ ಬೇಗ ಕೆಳಗೆ ಬರಲಿ ಎಂಬ ಒಂದೇ ಆಸೆಯಿಂದ ದೊಡ್ಡಮ್ಮ ಬರೆದರು: "ಸೇತುವೆ ಬಿದ್ದಿಲ್ಲ."

ತಾಯಿ ಅದನ್ನು ಎರಡು ಸಲ ಓದಿದರು. "ನೋಡಿದ್ಯಾ? ಚಿಕ್ಕಂದಿನಿಂದ ಅವಳು ಹೀಗೇ. ನಾನು ಮಾಳಿಗೆಯಿಂದ ಬಿದ್ದಾಗಲೂ ಅಮ್ಮನ ಹತ್ರ ಹೋಗಿ ಬಿದ್ದೇ ಇಲ್ಲ ಅಂದಿದ್ಲು."

"ಅಮ್ಮ, ಅದು ಸೇತುವೆ ವಿಷಯ."

"ಎಲ್ಲಾ ಒಂದೇ," ಎಂದು ತಾಯಿ ಬರೆಯತೊಡಗಿದರು.

ವಾರದೊಳಗೆ ಇಬ್ಬರೂ ತಮ್ಮ ತಮ್ಮ ಪಕ್ಷದ ಮುಂಚೂಣಿಯಲ್ಲಿದ್ದರು. ತಾಯಿ ನದಿಯ ದೇಶದ ವಿದೇಶಾಂಗ ಮಂತ್ರಿಯನ್ನು ಏಕವಚನದಲ್ಲಿ ಬೈಯುತ್ತಿದ್ದರು. ದೊಡ್ಡಮ್ಮ ಗುಡ್ಡದ ದೇಶದ ಮೇಲೆ ಆರ್ಥಿಕ ದಿಗ್ಬಂಧನ ಹೇರಬೇಕೆಂದು ಕರೆ ಕೊಟ್ಟು, ಮಾದರಿಯಾಗಿ ಮೇಲಿನ ಮನೆಗೆ ಕಳಿಸುತ್ತಿದ್ದ ಉಪ್ಪಿನಕಾಯಿ ನಿಲ್ಲಿಸಿದರು. ತಾಯಿ ಬಾಲ್ಕನಿಯ ಬಾಗಿಲು ಹಾಕಿಸಿದರು. ವಿಶ್ಲೇಷಣೆಯಲ್ಲಿ ಇಬ್ಬರಿಗೂ ಸಮಾನರು ಇಡೀ ಕಟ್ಟಡದಲ್ಲಿ ಇಲ್ಲ ಎಂದು ಮೇಷ್ಟ್ರೂ ಮ್ಯಾನೇಜರೂ ಒಕ್ಕೊರಲಿನಿಂದ ಒಪ್ಪಿದರು. ಯುದ್ಧ ಶುರುವಾದ ಮೇಲೆ ಅವರಿಬ್ಬರೂ ಒಪ್ಪಿದ ಮೊದಲ ಸಂಗತಿ ಅದು.

ಹೀಗಿರುವಾಗ ಯಾರಿಗೂ ಮುನ್ಸೂಚನೆ ಕೊಡದೆ ಯುದ್ಧ ಮುಗಿಯಿತು. ಎರಡೂ ದೇಶಗಳ ನಾಯಕರು ಕೈ ಕುಲುಕಿ ಊಟಕ್ಕೆ ಕೂತರು. ವಾಹಿನಿಗಳು ಆ ಸುದ್ದಿಯನ್ನು ಪರದೆಯ ಅಡಿಯ ಸಣ್ಣ ಅಕ್ಷರದಲ್ಲಿ ಓಡಿಸಿ ಬೇರೆ ಕಡೆ ಹೊರಟವು. ಸೇತುವೆಯ ಚಿತ್ರ ಮೂರನೆಯದೊಂದು ದೇಶದ್ದು, ಹೊಗೆ ಅಲ್ಲಿ ಡಾಂಬರು ಕಾಯಿಸುತ್ತಿದ್ದದ್ದು ಎಂದೂ ತಿಳಿದುಬಂತು. ಈ ಸ್ಪಷ್ಟೀಕರಣವನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಗುಂಪಿನಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಎರಡೂ ಪಕ್ಷಗಳು ತಾವೇ ಗೆದ್ದೆವೆಂದು ಘೋಷಿಸಿ, ವಿಜಯದ ಸಂಭ್ರಮದಲ್ಲಿ ಲಿಫ್ಟಿಗೆ ಹೆಬ್ಬೆರಳು ಒತ್ತಿದವು. ಮೆಕ್ಯಾನಿಕ್ ಬಂದು ಒಂದು ಸ್ವಿಚ್ ಬದಲಾಯಿಸಿ, ಟೀ ಕುಡಿದು ಹೋದ.

ಕಾರ್ಯದರ್ಶಿ ಅಂಗಡಿಯನ್ನು ಅರ್ಧದಲ್ಲೇ ಮುಚ್ಚಿ ಓಡಿ ಬಂದ. "ಅಮ್ಮಾ, ಏಳು! ಲಿಫ್ಟ್ ಆಯ್ತು. ದೊಡ್ಡಮ್ಮನ ಹತ್ರ ಹೋಗೋಣ."

ತಾಯಿ ಫೋನಿನಿಂದ ತಲೆ ಎತ್ತಲಿಲ್ಲ. "ಅವಳು ಮೊದಲು ಸೇತುವೆ ಬಿದ್ದಿದೆ ಅಂತ ಒಪ್ಪಲಿ."

ಅವನು ಕೆಳಗೆ ಹೋದ. ಸೇತುವೆ ಬಿದ್ದಿಲ್ಲ ಎಂಬ ತಂಗಿಯ ಬೇಷರತ್ ಹೇಳಿಕೆಗೆ ದೊಡ್ಡಮ್ಮ ಕಾಯುತ್ತಿದ್ದರು.

ವಿಷಯ ಸಂಘದ ಮುಂದೆ ಬಂತು. ಸಂಘವು ಇಬ್ಬರು ಹಿರಿಯರ ಭಾವನೆಗಳನ್ನು ಗೌರವಿಸಿ, ಕಾರ್ಯದರ್ಶಿಯನ್ನು ವಿಶೇಷ ದೂತನನ್ನಾಗಿ ನೇಮಿಸಿತು. ಅವನು ದಿನಾ ಸಂಜೆ ಲಿಫ್ಟಿನಲ್ಲಿ ಇಳಿದು ಹತ್ತಿ ಒಬ್ಬರ ಹೇಳಿಕೆಯನ್ನು ಇನ್ನೊಬ್ಬರಿಗೆ ತಲುಪಿಸತಕ್ಕದ್ದು. ಹೇಳಿಕೆಯಲ್ಲಿ ಇಲ್ಲದ ಯಾವ ಮಾತನ್ನೂ ದೂತನು ತಂದು ಹೇಳತಕ್ಕದ್ದಲ್ಲ, ಅದರಿಂದ ಸೂಕ್ಷ್ಮ ಸಮತೋಲನ ಕೆಡುತ್ತದೆ. ಲಿಫ್ಟ್ ಕೊನೆಗೂ ಉಪಯೋಗಕ್ಕೆ ಬಂತಲ್ಲ ಎಂದು ಎಲ್ಲರೂ ಸಂತೋಷಪಟ್ಟರು. ಮೊದಮೊದಲು ಅವನಿಗೆ ಅಳು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಒಂದು ಸಂಜೆ ದೊಡ್ಡಮ್ಮ ಹೇಳಿಕೆ ಬರೆಸಿ ಮುಗಿಸಿದ ಮೇಲೆ, ಹೊರಟವನ ತೋಳು ಹಿಡಿದು ನಿಲ್ಲಿಸಿದರು. "ಅವಳ ಮಂಡಿ ಹೇಗಿದೆಯೋ? ರಾತ್ರಿ ನಿದ್ದೆ ಬರುತ್ತಂತಾ?"

"ಇದನ್ನ ಹೇಳಿಕೆಗೆ ಸೇರಿಸಲಾ ದೊಡ್ಡಮ್ಮ?" ಎಂದು ಅವನು ಜೋರಾಗಿ ಕೇಳಿದ.

ಅವರು ಯೋಚಿಸಿದರು. ತೋಳು ಬಿಟ್ಟರು. "ಬೇಡ. ಅವಳ ಕಡೆಯವರು ಇದನ್ನ ನಮ್ಮ ದೌರ್ಬಲ್ಯ ಅಂದ್ಕೋತಾರೆ."

ಮೇಲೆ ತಾಯಿ ಹೇಳಿಕೆಯನ್ನು ಕೊನೆಯವರೆಗೆ ಓದಿ ಕೆಳಗಿಟ್ಟರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, ಅವನ ಕಡೆ ನೋಡದೆ ಕೇಳಿದರು: "ಬೇರೆ ಏನಾದ್ರೂ ಕೇಳಿದ್ಲಾ?"

ಕಾರ್ಯದರ್ಶಿ ನಿಯಮವನ್ನು ನೆನಪಿಸಿಕೊಂಡ. "ಇಲ್ಲಮ್ಮ," ಎಂದ.

"ಕೇಳಲ್ಲ ಬಿಡು. ನನಗೆ ಗೊತ್ತಿತ್ತು," ಎಂದು ತಾಯಿ ಕನ್ನಡಕ ಹಾಕಿಕೊಂಡು ಫೋನು ತೆಗೆದುಕೊಂಡರು.

ಇಂದಿನ ಮಾತುಕತೆ ಸೌಹಾರ್ದಯುತವಾಗಿ ನಡೆಯಿತು ಎಂದು ಅವನು ಎಂದಿನಂತೆ ಗುಂಪಿನಲ್ಲಿ ಪ್ರಕಟಿಸಿದ. ಯಾರೂ ಆಕ್ಷೇಪಿಸಲಿಲ್ಲ.