ಟಗರಿನ ಕತೆಯ ವಿಳಾಸ

ಮಧ್ಯಾಹ್ನ ಕಿರಿಯ ಮಗಳ ಮದುವೆ. ಬೆಳಗ್ಗೆಯೇ ನೋಯೆಲ್‌ನ ಭಾಷಣ ನಾಪತ್ತೆ. ಪರದೆಯ ಮೇಲಿನ ಶಾರ್ಟ್‌ಕಟ್ ಒತ್ತಿದರೆ ‘ಫೈಲ್ ಇಲ್ಲ’ ಎನ್ನುತ್ತಿತ್ತು ಲ್ಯಾಪ್‌ಟಾಪ್.

ಹಿರಿಯ ಮಗಳ ಮದುವೆಯಲ್ಲಿ ಅವನು ಬಾಯಿಗೆ ಬಂದಂತೆ ಮಾತಾಡಿ, ಅಳಿಯನನ್ನು ತಾನು ಹರಾಜಿನಲ್ಲಿ ಕೊಂಡ ಟಗರಿಗೆ ಹೋಲಿಸಿದ್ದ. ಬೀಗಿತ್ತಿ ಇನ್ನೂ ಮಾತು ಬಿಟ್ಟಿದ್ದಾಳೆ. ತಪ್ಪು ಟಗರಿನದಲ್ಲ, ಬರೆದುಕೊಳ್ಳದೆ ಹೇಳಿದ್ದು ಎಂಬುದು ನೋಯೆಲ್‌ನ ವಾದ. ಹೋದ ಮಾನ ವಾಪಸ್ ತರಲು ಈ ಸಲ ಅದೇ ಟಗರಿನ ಕತೆಯನ್ನು ತಿಂಗಳುಗಟ್ಟಲೆ ತಿದ್ದಿ ಬರೆದಿದ್ದ.

“ನಿನ್ನೆ ಕಂಪ್ಯೂಟರ್ ಸ್ವಲ್ಪ ಒಪ್ಪ ಮಾಡ್ದೆ. ಎಲ್ಲಿಟ್ನೋ ಏನೋ,” ಎಂದಳು ಹೆಂಡತಿ ಗ್ಲೆನಿಸ್, ಸ್ಯಾಂಡ್‌ವಿಚ್‌ಗೆ ಬೆಣ್ಣೆ ಹಚ್ಚುತ್ತ.

ನೋಯೆಲ್‌ನ ತಂಗಿ ರೋಸ್ಲಿನ್ ಬಗ್ಗಿ ನೋಡಿದಳು. “ನನ್ನ ಮ್ಯಾಕ್ ಆಗಿದ್ರೆ ಫೈಲ್ ಎಲ್ಲಿಗೆ ಹೋದ್ರೂ ಶಾರ್ಟ್‌ಕಟ್ ಹಿಂದೇನೇ ಹೋಗ್ತಿತ್ತು. ಕುರಿಮರಿ ತಾಯಿ ಹಿಂದೆ ಹೋದ ಹಾಗೆ.”

“ನಮ್ಮ ವಿಂಡೋಸೂ ಹುಡುಕತ್ತಮ್ಮ,” ಎಂದ ಅವಳ ಗಂಡ ಬ್ಯಾರಿ. “ಸಿಗ್ಲಿಲ್ಲ ಅಂದ್ರೆ ಶಾರ್ಟ್‌ಕಟ್ಟೇ ಬಿಸಾಕ್ಲಾ ಅಂತ ಕೇಳತ್ತೆ.”

“ಅದಕ್ಕೂ ನಿನ್ನ ಬುದ್ಧೀನೇ.”

“ನನ್ನ ಭಾಷಣ,” ಎಂದು ನರಳಿದ ನೋಯೆಲ್.

ಈ ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಕೊಟ್ಟಿದ್ದ ಪಕ್ಕದ ಮನೆಯ ಮರ್ವ್, ಅರ್ಧ ಕಟ್ಟಿದ ಟೈಯಲ್ಲೇ ಓಡಿಬಂದ. “ಲಿನಕ್ಸ್ ಶಾರ್ಟ್‌ಕಟ್‌ಗೆ ವಿಳಾಸ ಅಷ್ಟೇ ಗೊತ್ತು ಕಣೋ. ಆ ಮನೇಲಿ ಯಾರಿದ್ದಾರೆ ಅಂತ ಕೇಳಲ್ಲ.”

ಗ್ಲೆನಿಸ್‌ಳ ಕೈ ನಿಂತಿತು. “ಅಂದ್ರೆ ಅದೇ ಜಾಗದಲ್ಲಿ, ಅದೇ ಹೆಸರಲ್ಲಿ ಬೇರೆ ಏನಿಟ್ರೂ ತೆರೆಯತ್ತಾ?”

“ಧಾರಾಳವಾಗಿ.”

“ಸುಮ್ನೆ ಕುತೂಹಲಕ್ಕೆ ಕೇಳ್ದೆ. ನೋಯೆಲ್, ನೀನು ಗಡ್ಡ ಮಾಡ್ಕೋ ಹೋಗು. ಫೈಲ್ ನಾನು ಹುಡುಕ್ತೀನಿ.”

ಅವನು ಬರುವಷ್ಟರಲ್ಲಿ ಶಾರ್ಟ್‌ಕಟ್ ಸರಿಹೋಗಿತ್ತು. ತೆರೆದು ನೋಡಲು ಕೈ ಚಾಚಿದರೆ ಅವಳು ಲ್ಯಾಪ್‌ಟಾಪ್ ಮುಚ್ಚಿದಳು. “ಸಿಕ್ತಲ್ಲ, ಕಾರು ಹತ್ತು. ಹೊತ್ತಾಯ್ತು.” ನೋಯೆಲ್‌ಗೆ ಹೆಂಡತಿಯ ಮೇಲೆ ಹೊಸದಾಗಿ ಪ್ರೀತಿ ಉಕ್ಕಿತು.

ಊರ ಸಭಾಂಗಣದಲ್ಲಿ ಮೈಕ್ ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟು ನಿಂತು ಗಂಟಲು ಸರಿಮಾಡಿಕೊಂಡ. ಮುಂದಿನ ಸಾಲಿನಲ್ಲೇ ಮಾತು ಬಿಟ್ಟಿದ್ದ ಆ ಬೀಗಿತ್ತಿ ಕೂತಿದ್ದಳು. ಶಾರ್ಟ್‌ಕಟ್ ಒತ್ತಿದ, ತೆರೆಯಿತು. ಕನ್ನಡಕ ಏರಿಸಿ, ತುಂಬು ದನಿಯಲ್ಲಿ ಓದಿದ:

“ಬಂದವರಿಗೆಲ್ಲ ವಂದನೆ. ಮಕ್ಕಳು ಸುಖವಾಗಿರಲಿ. ಊಟ ಆರುತ್ತಿದೆ, ಏಳಿ. ನೋಯೆಲ್, ಟಗರಿನ ಸುದ್ದಿ ಎತ್ತಬೇಡ, ಸುಮ್ಮನೆ ಕೂತುಕೋ.”

ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಮೊದಲು ಎದ್ದವಳು ಬೀಗಿತ್ತಿ. ನೇರವಾಗಿ ಬಂದು, ನೋಯೆಲ್‌ನನ್ನು ದಾಟಿಕೊಂಡು ಹೋಗಿ ಗ್ಲೆನಿಸ್‌ಳನ್ನು ತಬ್ಬಿಕೊಂಡಳು.